ರೇಷ್ಮೆ ಹುಳು ಗೂಡು ಕಟ್ಟುವುದನ್ನು ಮೊಬೈಲಿನಲ್ಲೇ ಟೈಮ್‌ಲ್ಯಾಪ್ಸ್ ಮಾಡುವ ಬಗೆ

ನಮಸ್ಕಾರ. ಶಿಡ್ಲಘಟ್ಟದ ಕಡೆಯ ನಮ್ಮ ಗುಂಪಿನ ಸದಸ್ಯರೊಬ್ಬರು, ತಮ್ಮ ಮನೆಯ ಹುಳು ಗೂಡು ಕಟ್ಟುವುದನ್ನು ಮೊಬೈಲಿನ ಟೈಮ್‌ಲ್ಯಾಪ್ಸ್ ಮೋಡ್‌ನಲ್ಲಿ ಎರಡು ಸಲ ತೆಗೆದೆ, ಒಂದು ಸಲ ಹುಳುವೇ ಚಿತ್ರದಿಂದ ಆಚೆ ಹೋಯಿತು, ಇನ್ನೊಂದು ಸಲ ವಿಡಿಯೊ ಪೂರ್ತಿ ಮಿಣುಕುತ್ತಿತ್ತು, ಇದಕ್ಕೆ ದೊಡ್ಡ ಕ್ಯಾಮೆರಾ ಕೊಳ್ಳಲೇಬೇಕೆ ಎಂದು ಕೇಳಿದ್ದಾರೆ. ಕೊಳ್ಳಬೇಕಾಗಿಲ್ಲ. ಚಿಕ್ಕಬಳ್ಳಾಪುರ ತಾಲ್ಲೂಕಿನ ನಮ್ಮ ಮನೆಯಲ್ಲೂ ಹುಳು ಸಾಕುತ್ತೇವೆ, ನಾನು ಇದೇ ಕೆಲಸವನ್ನು ಹಳೆಯ ಮೊಬೈಲಿನಲ್ಲಿಯೇ ಮಾಡಿದ್ದೇನೆ, ನಿಮಗಾದ ಎರಡು ತೊಂದರೆಗಳೂ ನನಗೂ ಆಗಿದ್ದವು.

ಮೊದಲು ಲೆಕ್ಕ ನೋಡೋಣ. ಟೈಮ್‌ಲ್ಯಾಪ್ಸ್ ಎಂದರೆ ಗೊತ್ತಾದ ಅಂತರದಲ್ಲಿ ಒಂದೊಂದೇ ಚಿತ್ರ ತೆಗೆದು, ಅವುಗಳನ್ನು ಸೆಕೆಂಡಿಗೆ 25 ಅಥವಾ 30ರಂತೆ ಓಡಿಸುವುದು, ಅಷ್ಟೆ. ಸೆಕೆಂಡಿಗೆ 25 ಎಂದಿಟ್ಟುಕೊಂಡರೆ 10 ಸೆಕೆಂಡಿನ ವಿಡಿಯೊಗೆ 250 ಚಿತ್ರ ಬೇಕು. ನಂದಿಬೆಟ್ಟದ ಮೇಲೆ ಬೆಳಗಿನ ಮೋಡ ಉರುಳುವುದನ್ನು ತೆಗೆಯುವವರು 3 ಸೆಕೆಂಡಿಗೊಂದು ಚಿತ್ರ ತೆಗೆದರೆ ಹನ್ನೆರಡೂವರೆ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಹುಳುವಿನ ವಿಷಯ ಹಾಗಲ್ಲ. ಅದು ಗೂಡು ಕಟ್ಟಿ ಮುಗಿಸಲು ಎರಡರಿಂದ ಮೂರು ದಿನ ತೆಗೆದುಕೊಳ್ಳುತ್ತದೆಯಾದರೂ, ಸುಮಾರು ಒಂದು ದಿನ ಕಳೆಯುವಷ್ಟರಲ್ಲಿ ಗೋಡೆ ದಟ್ಟವಾಗಿ ಒಳಗಿನ ಹುಳು ಕಣ್ಣಿಗೆ ಕಾಣದಂತಾಗುವುದರಿಂದ, ಆ ಮೇಲೆ ತೆಗೆದ ಚಿತ್ರಗಳಲ್ಲಿ ಏನೂ ಬದಲಾಗುವುದಿಲ್ಲ. ಆದ್ದರಿಂದ 24 ಗಂಟೆ ಸಾಕು. 2 ನಿಮಿಷಕ್ಕೊಂದರಂತೆ ತೆಗೆದರೆ 720 ಚಿತ್ರ, ಅಂದರೆ ಸುಮಾರು 29 ಸೆಕೆಂಡಿನ ವಿಡಿಯೊ.

ಇಲ್ಲಿಯೇ ಹೊಸಬರು ಎಡವುವುದು. ಹುಳು ತಲೆಯನ್ನು ಇಂಗ್ಲಿಷಿನ ಎಂಟರಂತೆ (8) ಆಡಿಸುತ್ತಾ ನೂಲು ಬಿಡುತ್ತದೆ. 2 ನಿಮಿಷದ ಅಂತರದಲ್ಲಿ ಆ ಆಟ ಹಲವು ಸುತ್ತು ಮುಗಿದುಹೋಗಿರುವುದರಿಂದ, ವಿಡಿಯೊದಲ್ಲಿ ತಲೆ ಅಲ್ಲಿಂದಿಲ್ಲಿಗೆ ಜಿಗಿದಂತೆ ಕಾಣುತ್ತದೆಯೇ ಹೊರತು ನೇಯುವ ಕೆಲಸ ಕಾಣುವುದಿಲ್ಲ. ಹಾಗಾಗಿ ನಾನು ಎರಡು ಬಗೆಯಾಗಿ ತೆಗೆಯುತ್ತೇನೆ. ಹುಳು ಸಡಿಲ ನೂಲಿನ ಬಲೆ ಹಾಕಲು ಶುರುಮಾಡಿದ ಮೊದಲ ಒಂದು ಗಂಟೆ 5 ಸೆಕೆಂಡಿಗೊಂದು ಚಿತ್ರ, ಆಗಲೂ 720 ಚಿತ್ರಗಳೇ ಬರುತ್ತವೆ. ಅನಂತರ ಮೊಬೈಲನ್ನು ಕದಲಿಸದೆ ಅಂತರವನ್ನು ಮಾತ್ರ 2 ನಿಮಿಷಕ್ಕೆ ಏರಿಸಿ ಮಾರನೆಯ ದಿನದವರೆಗೆ ಬಿಟ್ಟುಬಿಡುವುದು. ಮೊದಲನೆಯದರಲ್ಲಿ ಹುಳು ಅತ್ತಿತ್ತ ತಿರುಗುತ್ತಾ ಬಲೆ ಹಾಕುವುದು ಸಿಗುತ್ತದೆ, ಎರಡನೆಯದರಲ್ಲಿ ಗೋಡೆ ಮೂಡುವುದು ಸಿಗುತ್ತದೆ.

ಹುಳು ಚಿತ್ರದಿಂದ ಆಚೆ ಹೋದದ್ದು ನಿಮ್ಮ ಅವಸರದಿಂದ. ಹಣ್ಣಾದ, ಅಂದರೆ ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಚಂದ್ರಿಕೆಗೆ (ಗೂಡು ಕಟ್ಟಲು ಹುಳು ಬಿಡುವ ತಟ್ಟೆ) ಬಿಟ್ಟ ಕೂಡಲೇ ಅದು ಒಂದೆಡೆ ನಿಲ್ಲುವುದಿಲ್ಲ, ತಲೆಯೆತ್ತಿ ಜಾಗ ಹುಡುಕುತ್ತಾ ಅಲೆಯುತ್ತದೆ. ನಾಲ್ಕೈದು ಹುಳುಗಳ ಮೇಲೆ ಕಣ್ಣಿಟ್ಟು, ಯಾವುದು ಒಂದು ಮೂಲೆಯಲ್ಲಿ ನೆಲೆನಿಂತು ಅತ್ತಿತ್ತ ಮೊದಲ ಎಳೆಗಳನ್ನು ಅಂಟಿಸುತ್ತದೆಯೋ ಅದಕ್ಕೆ ಮಾತ್ರ ಮೊಬೈಲು ಹಿಡಿಯಬೇಕು. ತೀರಾ ಹತ್ತಿರಕ್ಕೂ ಹೋಗಬೇಡಿ. ಇಂದಿನ ಸಾಧಾರಣ ಮೊಬೈಲಿನ ಚಿತ್ರ 4000 ಪಿಕ್ಸೆಲ್‌ನಷ್ಟು ಅಗಲವಿರುತ್ತದೆ, ಫುಲ್ ಎಚ್‌ಡಿ ವಿಡಿಯೊಗೆ 1920 ಸಾಕಾದ್ದರಿಂದ ಹುಳುವಿನ ಸುತ್ತ ಧಾರಾಳವಾಗಿ ಜಾಗ ಬಿಟ್ಟು ತೆಗೆದು ಆಮೇಲೆ ಕತ್ತರಿಸಿಕೊಳ್ಳಬಹುದು. ಇನ್ನೊಂದು ಮಾತು: ಹುಳು ಗೂಡು ಕಟ್ಟುವ ಮುನ್ನ ಮೈಯಲ್ಲಿರುವ ಹೆಚ್ಚಿನ ನೀರನ್ನು ಹೊರಹಾಕುತ್ತದೆ, ಆದ್ದರಿಂದ ಚಂದ್ರಿಕೆಯ ಅಡಿಯಲ್ಲಿ ಮೊಬೈಲು ಇಡುವ ಯೋಚನೆ ಬೇಡ. ಇದನ್ನು ನಾನು ಲೆನ್ಸ್ ಒರೆಸಿ ಕಲಿತದ್ದು.

ಮಿಣುಕುವುದಕ್ಕೆ ಎರಡು ಕಾರಣ. ಒಂದು, ಮೊಬೈಲು ಪ್ರತಿ ಚಿತ್ರಕ್ಕೂ ಬೆಳಕು, ಬಣ್ಣ, ಫೋಕಸ್ ಮೂರನ್ನೂ ಹೊಸದಾಗಿ ಲೆಕ್ಕ ಹಾಕುವುದು. ಇದಕ್ಕೆ ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ2 ಎಪಿಐ ಎಂಬ ಆಯ್ಕೆಯನ್ನು ಆರಿಸಿದರೆ, ನಿಮ್ಮ ಮೊಬೈಲು ಅದಕ್ಕೆ ಒಪ್ಪುವುದಾದರೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಶಟರ್ ವೇಗ (ಒಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ), ಫೋಕಸ್ ಎಲ್ಲವನ್ನೂ ಕೈಯಿಂದ ನಿಲ್ಲಿಸಬಹುದು. ಎಷ್ಟು ಅಂತರಕ್ಕೆ ಎಷ್ಟು ಚಿತ್ರ ಎಂಬುದನ್ನೂ ಅದರಲ್ಲಿಯೇ ಹೇಳಬಹುದು. ಫೋಕಸ್ ನಿಲ್ಲಿಸುವುದು ಬಹಳ ಮುಖ್ಯ, ಏಕೆಂದರೆ ಬಲೆ ದಟ್ಟವಾದಂತೆ ಆಟೋಫೋಕಸ್ ಒಮ್ಮೆ ಎಳೆಯ ಮೇಲೆ, ಒಮ್ಮೆ ಹುಳುವಿನ ಮೇಲೆ ಓಡಾಡುತ್ತದೆ. ಹಳದಿ ಗೂಡು ಕಟ್ಟುವ ಮಿಶ್ರ ತಳಿಗಿಂತ ಬಿಳಿ ಗೂಡಿನ ಬೈವೋಲ್ಟೀನ್ ತಳಿಯ ಹುಳು ತೆಗೆಯುವಾಗ ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕು) ಸ್ವಲ್ಪ ಕಡಿಮೆ ಇಡಿ, ಇಲ್ಲದಿದ್ದರೆ ಕೊನೆಯಲ್ಲಿ ಗೂಡು ಬರಿಯ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ.

ಎರಡನೆಯ ಕಾರಣ ಕರೆಂಟು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಶಟರ್ ವೇಗವನ್ನು 1/50 ಅಥವಾ 1/25 ಸೆಕೆಂಡಿನಲ್ಲಿ ಇಟ್ಟರೆ ಪಟ್ಟೆಗಳು ಬೀಳುವುದು ನಿಲ್ಲುತ್ತದೆ. ಆದರೆ ವೋಲ್ಟೇಜ್ ಏರಿಳಿತಕ್ಕೂ, ನಡುರಾತ್ರಿ ಕರೆಂಟು ಹೋಗುವುದಕ್ಕೂ ಶಟರ್ ವೇಗ ಏನು ಮಾಡೀತು? ನನ್ನ ಮೊದಲ ಪ್ರಯತ್ನದಲ್ಲಿ ಬೆಳಗಿನ ಜಾವದ ಎರಡು ಗಂಟೆಯ ಚಿತ್ರಗಳು ಬರಿಯ ಕತ್ತಲು, ಅನಂತರದ್ದಕ್ಕೆ ಕಿಟಕಿಯಿಂದ ಬಿಸಿಲು. ಈಗ ಕಿಟಕಿಗೆ ಗೋಣಿತಾಟು ಕಟ್ಟಿ, ಪವರ್ ಬ್ಯಾಂಕಿಗೆ ಸಿಕ್ಕಿಸಿದ ಸಣ್ಣ ಯುಎಸ್‌ಬಿ ದೀಪವನ್ನು ಬಿಳಿ ಹಾಳೆಯ ಮರೆಯಲ್ಲಿ ಇಡುತ್ತೇನೆ. ಮೊಬೈಲಿಗೆ ಬೇರೆಯದೇ ಪವರ್ ಬ್ಯಾಂಕು ಬೇಕು, ಏರೋಪ್ಲೇನ್ ಮೋಡ್ ಹಾಕಿರಬೇಕು, ವೈಬ್ರೇಶನ್ ತೆಗೆದಿರಬೇಕು. ಚಿತ್ರಕ್ಕೆ 4 ಎಂಬಿ ಎಂದು ಹಿಡಿದರೂ ಎರಡೂ ಬಗೆಯ ಚಿತ್ರಗಳು ಸೇರಿ 6 ಜಿಬಿ ಮುಟ್ಟುತ್ತದೆ, ಜಾಗ ಖಾಲಿ ಮಾಡಿಕೊಂಡೇ ಕೂರಿ.

ದೀಪದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ವಿಡಿಯೊಗಿಂತ ಬೆಳೆ ದೊಡ್ಡದು. ಒಂದೇ ಕಡೆಯಿಂದ ಜೋರು ಬೆಳಕು ಬಿದ್ದರೆ ಹುಳುಗಳು ಕತ್ತಲ ಕಡೆಗೆ ಸರಿದು ಒತ್ತೊತ್ತಾಗಿ ಸೇರಿ ಜೋಡಿ ಗೂಡು (ಎರಡು ಹುಳು ಸೇರಿ ಕಟ್ಟಿದ ಒಂದೇ ಗೂಡು) ಕಟ್ಟುತ್ತವೆ, ಜೋಡಿ ಗೂಡಿಗೆ ಮಾರುಕಟ್ಟೆಯಲ್ಲಿ ಎಷ್ಟು ಕಡಿಮೆ ಬೆಲೆ ಸಿಗುತ್ತದೆಂಬುದು ನಿಮಗೆ ಹೇಳಬೇಕಾಗಿಲ್ಲ. ಆದ್ದರಿಂದ ಇಡೀ ಹುಳು ಮನೆಯಲ್ಲಿ ಈ ಪ್ರಯೋಗ ಬೇಡ. ನೆಟ್ರಿಕೆಯ (ಪ್ಲಾಸ್ಟಿಕ್ಕಿನ ಚಂದ್ರಿಕೆ) ಒಂದು ತುಂಡಿಗೆ ಐದಾರು ಹುಳು ಬಿಟ್ಟು, ಬೇರೆ ಕೋಣೆಯಲ್ಲಿ, ಎದುರುಬದಿ ತೆರೆದ ರಟ್ಟಿನ ಪೆಟ್ಟಿಗೆಯೊಳಗೆ ನಿಲ್ಲಿಸಿ. ಗಾಳಿಯಾಡಬೇಕು, ತೇವ ನಿಲ್ಲಬಾರದು, ಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಒಳಬರದಂತೆ ಬಾಗಿಲಿಗೆ ಪರದೆ ಇರಲಿ. ಕೋಣೆಯ ಶಾಖ 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಹುಳು ಮನೆಯೊಳಗೇ ತೆಗೆಯಲೇಬೇಕೆಂದಿದ್ದರೆ ಟ್ರೈಪಾಡ್‌ನ ಕಾಲುಗಳನ್ನು ಸೋಂಕು ನಿವಾರಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಯೇ ಒಳಗೆ ತನ್ನಿ, ಮದುವೆ ಮನೆಯಲ್ಲೋ ಜಾತ್ರೆಯಲ್ಲೋ ಓಡಾಡಿ ಬಂದ ಟ್ರೈಪಾಡ್ ಅದು.

ಜೋಡಿಸುವ ಕೆಲಸ ಸುಲಭ. ಕಂಪ್ಯೂಟರಿದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಚಿತ್ರಗಳನ್ನು ಸೇರಿಸುವ ಮೊದಲೇ ಪ್ರಾಜೆಕ್ಟಿನ ಫ್ರೇಮ್ ರೇಟ್ 25 ಎಂದು ಬರೆದುಬಿಡಿ, ಆಮೇಲೆ ಅದು ಬದಲಾಯಿಸಲು ಬಿಡುವುದಿಲ್ಲ. ಓಪನ್ ಕ್ಯಾಮೆರಾ ಫೈಲುಗಳಿಗೆ ದಿನಾಂಕ, ಸಮಯದ ಹೆಸರಿಡುವುದರಿಂದ ಅವು ಒಂದೇ ಸರಣಿಯಾಗಿ ಕೂರುವುದಿಲ್ಲ. 0001ರಿಂದ ಸಾಲಾಗಿ ಹೆಸರು ಬದಲಿಸಿಕೊಂಡರೆ 720 ಚಿತ್ರಗಳೂ ಒಂದೇ ಕ್ಲಿಪ್ ಆಗಿ ಬರುತ್ತವೆ. ಮುಂದಿನ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ನಿದ್ದೆ) ಮುಗಿಸಿ ಎದ್ದ ದಿನವೇ ಒಂದು ಗಂಟೆ ಸೊಪ್ಪು ತಿನ್ನುವುದನ್ನು 5 ಸೆಕೆಂಡಿನ ಅಂತರದಲ್ಲಿ ತೆಗೆದು ಕೈ ಪಳಗಿಸಿಕೊಳ್ಳಿ. ಅದರಲ್ಲಿ ಮಿಣುಕು ಕಂಡರೆ ದೀಪ, ಶಟರ್ ಸರಿಪಡಿಸಿಕೊಳ್ಳಲು ಹುಳು ಹಣ್ಣಾಗುವವರೆಗೆ ನಿಮಗೆ ಸುಮಾರು ಒಂದು ವಾರದ ಬಿಡುವು ಇರುತ್ತದೆ.