ಅಂತರರಾಷ್ಟ್ರೀಯ ಸುರಕ್ಷತಾ ನಿಯಮಗಳು ಯುದ್ಧನೌಕೆಗಳಿಗೂ ಅನ್ವಯಿಸುತ್ತವೆಯೇ?

ಬಹುಮಟ್ಟಿಗೆ ಇಲ್ಲ. ಸಮುದ್ರದಲ್ಲಿ ಜೀವರಕ್ಷಣೆಗಾಗಿ 1974ರಲ್ಲಿ ರೂಪಿಸಿದ ಸೋಲಾಸ್ ಒಪ್ಪಂದವು ವ್ಯಾಪಾರಿ ಹಡಗುಗಳಿಗೆ ಕಡ್ಡಾಯವಾದರೂ ಯುದ್ಧನೌಕೆಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಹೀಗಾಗಿ ಕಾರವಾರದ ಐಎನ್‌ಎಸ್ ಕದಂಬ ನೆಲೆಯಲ್ಲಿ ಲಂಗರು ಹಾಕುವ ನೌಕೆಗಳ ಮಾನದಂಡಗಳನ್ನು ನಿಗದಿಪಡಿಸಿ, ಅವುಗಳ ಪಾಲನೆಯನ್ನು ನೋಡಿಕೊಳ್ಳುವ ಹೊಣೆ ನೌಕಾಪಡೆಯದೇ.

ಅಪಾಯದ ಸ್ವರೂಪವೇ ಬೇರೆಯಾಗಿರುವುದು ಇದಕ್ಕೆ ಕಾರಣ. ಸರಕು ಹಡಗಿನ ಇಂಜಿನ್ ಕೋಣೆಗೆ ಬೆಂಕಿ ಬಿದ್ದರೆ ಕೋಣೆಯನ್ನು ಮುಚ್ಚಿ, ಇಂಗಾಲದ ಡೈಆಕ್ಸೈಡ್ ಹರಿಸಿ, ಅದಕ್ಕೂ ಬಗ್ಗದಿದ್ದರೆ ಹಡಗನ್ನೇ ತೊರೆಯಬಹುದು. ಯುದ್ಧನೌಕೆಯಾದರೋ ಪೆಟ್ಟು ತಿಂದ ಮೇಲೂ ತೇಲಬೇಕು, ಚಲಿಸಬೇಕು, ಹೋರಾಡಬೇಕು. ಅದಕ್ಕಾಗಿ ಅದರ ಒಡಲನ್ನು ನೀರು ದಾಟದ ಅನೇಕ ಕೋಣೆಗಳಾಗಿ ವಿಂಗಡಿಸಿ, ಬೆಂಕಿ ನಂದಿಸುವ ಪಂಪುಗಳನ್ನು ಒಂದೇ ಏಟಿಗೆ ಎಲ್ಲವೂ ಕೆಡದಂತೆ ದೂರದೂರದಲ್ಲಿ ಅಳವಡಿಸುತ್ತಾರೆ. ಜೀವರಕ್ಷಣೆಯ ಉದ್ದೇಶ ಅದೇ, ಸಾಧನ ಮಾತ್ರ ಬೇರೆ: ಡೆಕ್ಕಿನ ಜಾಗ ನುಂಗುವ ದೊಡ್ಡ ಲೈಫ್‌ಬೋಟುಗಳ ಬದಲಿಗೆ, ಪೀಪಾಯಿಯಂಥ ಡಬ್ಬಿಗಳಲ್ಲಿ ಮಡಚಿಟ್ಟ, ನೀರಿಗೆಸೆದು ಹಗ್ಗ ಜಗ್ಗಿದೊಡನೆ ಗಾಳಿ ತುಂಬಿಕೊಳ್ಳುವ ತೆಪ್ಪಗಳಿರುತ್ತವೆ.

ವಿನಾಯಿತಿಯೆಂದರೆ ಸಡಿಲಿಕೆಯೆಂದು ಯಾರೂ ಭಾವಿಸಬಾರದು. 2019ರ ಏಪ್ರಿಲ್‌ನಲ್ಲಿ ಕಾರವಾರ ಬಂದರನ್ನು ಪ್ರವೇಶಿಸುತ್ತಿದ್ದ ಐಎನ್‌ಎಸ್ ವಿಕ್ರಮಾದಿತ್ಯದಲ್ಲಿ ಬೆಂಕಿ ಕಾಣಿಸಿಕೊಂಡಾಗ ಅದನ್ನು ಹತೋಟಿಗೆ ತಂದವರು ನೌಕೆಯ ಸಿಬ್ಬಂದಿಯೇ. ಆ ಕಾರ್ಯಾಚರಣೆಯ ನೇತೃತ್ವ ವಹಿಸಿದ್ದ ಅಧಿಕಾರಿಯೊಬ್ಬರು ಅದರಲ್ಲಿ ಪ್ರಾಣ ತೆತ್ತರು.