ಕೊಡಗಿನಲ್ಲಿ ಹಳೆಯ ಮನೆ ನವೀಕರಿಸಲು ಪರವಾನಗಿ ಬೇಕೇ?

ಮಡಿಕೇರಿ ಪಟ್ಟಣದಲ್ಲಿ ಕೇಳುವ ಪರವಾನಗಿ ಹಳ್ಳಿಯ ಮನೆಗೂ ಬೇಕೇ ಎಂದು ಕೇಳಿದ್ದೀರಿ. ಸುಣ್ಣಬಣ್ಣಕ್ಕೆ, ಒಡೆದ ಹೆಂಚು ಬದಲಿಸುವುದಕ್ಕೆ ಸಾಮಾನ್ಯವಾಗಿ ಎರಡೂ ಕಡೆ ಬೇಕಿಲ್ಲ. ಕೋಣೆ ಸೇರಿಸುವುದಾದರೆ ಅಥವಾ ಮಹಡಿ ಎತ್ತುವುದಾದರೆ ಪಟ್ಟಣದಲ್ಲಿ ನಕ್ಷೆಯೊಂದಿಗೆ ನಗರಸಭೆಯ ಅನುಮತಿ ಪಡೆಯಬೇಕು. ಹಳ್ಳಿಯಲ್ಲಿ ಯಾರೂ ಕೇಳುವುದಿಲ್ಲ ಎಂಬ ನಂಬಿಕೆ ಮಾತ್ರ ತಪ್ಪು. 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಹೊಸ ಕಟ್ಟಡಕ್ಕಷ್ಟೇ ಅಲ್ಲದೆ, ಇರುವ ಕಟ್ಟಡವನ್ನು ಮಾರ್ಪಡಿಸಲು ಅಥವಾ ವಿಸ್ತರಿಸಲು ಸಹ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಅಗತ್ಯ. ತೋಟದ ಮನೆಗೆ ಕೋಣೆಗಳನ್ನು ಸೇರಿಸಿ ಹೋಂಸ್ಟೇ ನಡೆಸುವ ಯೋಚನೆಯಿದ್ದರೆ ಭೂಪರಿವರ್ತನೆಯ, ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸಿಕೊಳ್ಳುವ, ವಿಷಯವನ್ನೂ ಮೊದಲೇ ವಿಚಾರಿಸಿ. ಅಡುಗೆಮನೆ ಹಿಗ್ಗಿಸಲು ಹಿತ್ತಲಿನ ಬರೆ (ಕಡಿದಾದ ಮಣ್ಣಿನ ಇಳಿಜಾರು) ಅಗೆಯುವವರು, 2018ರ ಭೂಕುಸಿತ ಕಂಡ ಈ ಜಿಲ್ಲೆಯಲ್ಲಿ, ಅನುಮತಿಗೂ ಮುನ್ನ ಎಂಜಿನಿಯರೊಬ್ಬರಿಗೆ ಆ ಇಳಿಜಾರನ್ನು ತೋರಿಸುವುದು ಒಳ್ಳೆಯದು.