ಇಟಾಲಿಯನ್ನರಿಗೆ ‘ಪ್ರಾಪರ್ಟಿ’, ‘ಎಸ್ಟೇಟ್’, ‘ಅಸೆಟ್’ಗಳ ವ್ಯತ್ಯಾಸ ಹೇಳಿಕೊಡುವುದು ಹೇಗೆ?

ಮೈಸೂರಿನಲ್ಲಿ ಕುಳಿತು ಇಟಲಿಯ ನೌಕರರಿಗೆ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ, ಅವರು ‘ಪ್ರಾಪರ್ಟಿ’, ‘ಓನರ್‌ಶಿಪ್’, ‘ಎಸ್ಟೇಟ್’, ‘ಅಸೆಟ್’, ‘ವೆಲ್ತ್’ ಎಲ್ಲವನ್ನೂ ಅದಲು ಬದಲು ಮಾಡುತ್ತಾರೆ, ಅರ್ಥಕೋಶ ತೋರಿಸಿದರೂ ಗೊಂದಲ ಹೋಗುತ್ತಿಲ್ಲ ಎಂದು ಬರೆದಿದ್ದೀರಿ. ತೊರಿನೊ ನಗರದಲ್ಲಿ ನಾನೂ ಇದೇ ಕೆಲಸ ಮಾಡುತ್ತಿರುವುದರಿಂದ ಉತ್ತರಿಸುತ್ತಿದ್ದೇನೆ.

ಅರ್ಧ ತಪ್ಪು ಆ ಅರ್ಥಕೋಶದ್ದೇ. ‘ಪತ್ರಿಮೋನಿಯೊ’ ಎಂಬ ಇಟಾಲಿಯನ್ ಪದದ ಮುಂದೆ ಈ ಇಂಗ್ಲಿಷ್ ಪದಗಳನ್ನೆಲ್ಲ ಅಲ್ಪವಿರಾಮ ಹಾಕಿ ಜೋಡಿಸಿರುತ್ತಾರೆ. ಕಲಿಯುವವರು ಕಣ್ಣಿಗೆ ಮೊದಲು ಬಿದ್ದದ್ದನ್ನು ಎತ್ತಿಕೊಳ್ಳುತ್ತಾರೆ. ಶ್ರೀಮಂತನೊಬ್ಬನ ಪತ್ರಿಮೋನಿಯೊ ಇಂಗ್ಲಿಷ್‌ನಲ್ಲಿ ‘ವೆಲ್ತ್’. ಅವನು ಸತ್ತ ಮರುದಿನ ಅದೇ ಮನೆ, ಅದೇ ಹಣ ‘ಎಸ್ಟೇಟ್’ ಆಗುತ್ತದೆ. ಕಂಪನಿಯದಾದರೆ ‘ಅಸೆಟ್ಸ್’, ಇಡೀ ದೇಶದ್ದಾದರೆ ‘ಹೆರಿಟೇಜ್’. ಹಾಗಾಗಿ ನಾನು ಅರ್ಥ ಬರೆಸುವುದನ್ನೇ ಬಿಟ್ಟಿದ್ದೇನೆ. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಇಲ್ಲಿ ಲೆಕ್ಕ ಕೇಳುತ್ತಿರುವವರು ಯಾರು? ನೋಟರಿಯೇ, ಬ್ಯಾಂಕಿನವರೇ, ಪೊಲೀಸರೇ, ತೆರಿಗೆ ಇಲಾಖೆಯವರೇ? ನಿಮಗೂ ಒಂದು ಎಚ್ಚರಿಕೆ: ನಮ್ಮ ‘ಆಸ್ತಿ’ಯ ವ್ಯಾಪ್ತಿ ಪತ್ರಿಮೋನಿಯೊದಷ್ಟೇ ದೊಡ್ಡದು. ಮನಸ್ಸಿನಲ್ಲಿ ಅದನ್ನಿಟ್ಟುಕೊಂಡು ಪಾಠ ಸಿದ್ಧಪಡಿಸಿದರೆ ನೀವೂ ಅದೇ ಗೋಜಲಿಗೆ ಬೀಳುತ್ತೀರಿ.

ಪಾಠಕ್ಕೆ ನಾನು ಆರಿಸಿಕೊಂಡಿರುವುದು ಅವರ ನಾಡಿನದೇ ಒಂದು ವ್ಯವಹಾರ. ಇಟಲಿಯಲ್ಲಿ ಮನೆ ಮಾರಾಟದ ಏಜೆನ್ಸಿಗಳ ಗಾಜಿನ ಮೇಲೆ ‘ನೂದಾ ಪ್ರೊಪ್ರಿಯೆತಾ’ ಎಂಬ ಜಾಹೀರಾತು ಸಾಮಾನ್ಯ. ವೃದ್ಧೆಯೊಬ್ಬಳು ತನ್ನ ಫ್ಲ್ಯಾಟ್ ಮಾರಿ ಹಣ ಪಡೆಯುತ್ತಾಳೆ, ಆದರೆ ಸಾಯುವವರೆಗೂ ಅಲ್ಲೇ ವಾಸಿಸುವ ಹಕ್ಕನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾಳೆ. ಆ ಹಕ್ಕಿಗೆ ‘ಉಸುಫ್ರುತ್ತೊ’ ಎಂದು ಹೆಸರು. ಮಾರುವವರ ವಯಸ್ಸು ಹೆಚ್ಚಿದಷ್ಟೂ ಬೆಲೆ ಏರುತ್ತದೆ, ಏಕೆಂದರೆ ಕೊಂಡವನು ಕಾಯಬೇಕಾದ ವರ್ಷಗಳು ಕಡಿಮೆ. ಕೇಳಲು ಕಟುವಾಗಿದೆ, ನಿಜ. ಆದರೆ ಸೋಮವಾರ ಸಂಜೆ ದಣಿದು ಬಂದ ವಿದ್ಯಾರ್ಥಿಗಳ ಬಾಯಿ ಬಿಡಿಸಲು ಇದಕ್ಕಿಂತ ಒಳ್ಳೆಯ ವಿಷಯ ನನಗೆ ಸಿಕ್ಕಿಲ್ಲ. ಎಲ್ಲರಿಗೂ ಹೀಗೆ ಮಾರಿದ ಒಬ್ಬ ಅತ್ತೆಯೋ ಚಿಕ್ಕಮ್ಮನೋ ಇರುತ್ತಾರೆ.

ಇದನ್ನು ಅವರು ‘ನೇಕೆಡ್ ಪ್ರಾಪರ್ಟಿ’ ಎಂದು ಅನುವಾದಿಸುತ್ತಾರೆ. ನಕ್ಕು ಮುಗಿದ ಮೇಲೆ ಪಾಠ ಶುರುವಾಗುತ್ತದೆ. ಇಟಾಲಿಯನ್‌ನ ‘ಪ್ರೊಪ್ರಿಯೆತಾ’ ಎಂದರೆ ಮನೆಯೂ ಹೌದು, ಮನೆಯ ಮೇಲಿನ ಒಡೆತನವೂ ಹೌದು. ದಿನಬಳಕೆಯ ಇಂಗ್ಲಿಷ್ ಇವೆರಡನ್ನು ಬೇರ್ಪಡಿಸುತ್ತದೆ: ಕಟ್ಟಡ ‘ಪ್ರಾಪರ್ಟಿ’, ಹಕ್ಕು ‘ಓನರ್‌ಶಿಪ್’. ಆದ್ದರಿಂದ ಇಲ್ಲಿ ಮಾರಾಟವಾದದ್ದು ‘ಬೇರ್ ಓನರ್‌ಶಿಪ್’. ಇನ್ನು ಮನೆ ಯಾರ ಕೈಯಲ್ಲಿದೆ? ವೃದ್ಧೆಯ ‘ಪೊಸೆಷನ್’ನಲ್ಲಿದೆ. ಈ ಭೇದ ಅವರಿಗೆ ಕಷ್ಟವೇ ಅಲ್ಲ. 1942ರ ಇಟಲಿಯ ನಾಗರಿಕ ಸಂಹಿತೆಯ 832ನೆಯ ವಿಧಿ ಒಡೆತನದ ಬಗ್ಗೆ, 1140ನೆಯ ವಿಧಿ ಸ್ವಾಧೀನದ ಬಗ್ಗೆ ಬೇರೆ ಬೇರೆಯಾಗಿಯೇ ಹೇಳುತ್ತವೆ. ಪಹಣಿಯಲ್ಲಿ ಮಾಲೀಕನಿಗೊಂದು, ಸಾಗುವಳಿದಾರನಿಗೊಂದು ಕಾಲಂ ಇರುವುದನ್ನು ಕಂಡ ನಿಮಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೊಡಕು ಬರುವುದು ಬಹುವಚನದಲ್ಲಿ. ‘ಪೊಸೆಷನ್ಸ್’ ಎಂದೊಡನೆ ಕಾನೂನು ಮಾಯವಾಗಿ ವೃದ್ಧೆಯ ಕುರ್ಚಿ, ಕಪಾಟು, ಗೋಡೆ ಗಡಿಯಾರ ಬಂದು ನಿಲ್ಲುತ್ತವೆ. ‘ಬಿಲಾಂಗಿಂಗ್ಸ್’ ಅದಕ್ಕಿಂತಲೂ ಚಿಕ್ಕದು, ಸಾಮಾನ್ಯವಾಗಿ ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾದ ಸಾಮಾನು. ರೈಲಿನಿಂದ ಇಳಿಯುವಾಗ ಮರೆಯಬೇಡಿ ಎನ್ನುತ್ತಾರಲ್ಲ, ಅದು. ಪೊಲೀಸರು ಬಂದರೆ ಮತ್ತೆ ಏಕವಚನ. ಮಾದಕ ವಸ್ತು ಇಟ್ಟುಕೊಂಡಿರುವುದಕ್ಕೆ ಇಟಾಲಿಯನ್‌ನಲ್ಲಿ ‘ದೆತೆಂತ್ಸಿಯೋನೆ’ ಎನ್ನುತ್ತಾರೆ. ಅದನ್ನು ‘ಡಿಟೆನ್ಷನ್’ ಎಂದು ಬರೆದರೆ ಮಾಲಿನ ಬದಲು ಮನುಷ್ಯನನ್ನೇ ಹಿಡಿದಿಟ್ಟಂತಾಗುತ್ತದೆ. ಇಂಗ್ಲಿಷ್‌ನಲ್ಲಿ ಅದೂ ‘ಪೊಸೆಷನ್’.

‘ಎಸ್ಟೇಟ್’ ಇಟಾಲಿಯನ್ನರಿಗೆ ನಿಜವಾದ ಬಲೆ. ಅದೇ ಅಕ್ಷರಗಳನ್ನು ಅವರು ‘ಎಸ್ತಾತೆ’ ಎಂದು ಓದುತ್ತಾರೆ, ಅರ್ಥ ಬೇಸಿಗೆಕಾಲ. ‘ರಿಯಲ್’ ಅವರ ಕಿವಿಗೆ ‘ರೆಯಾಲೆ’, ಅದಕ್ಕೆ ನಿಜವಾದ ಎಂಬ ಅರ್ಥವೂ ಇದೆ, ರಾಜನ ಎಂಬ ಅರ್ಥವೂ ಇದೆ. ‘ರಿಯಲ್ ಎಸ್ಟೇಟ್’ ಎಂದರೆ ರಾಜನ ಬೇಸಿಗೆ! ಕಾನೂನು ಓದಿದವರಿದ್ದರೆ ‘ದಿರಿತ್ತಿ ರೆಯಾಲಿ’ಯನ್ನು ನೆನಪಿಸಿ: ವಸ್ತುಗಳ ಮೇಲಿನ ಹಕ್ಕುಗಳು. ಎರಡರಲ್ಲೂ ಇರುವುದು ವಸ್ತು ಎಂಬರ್ಥದ ಅದೇ ಲ್ಯಾಟಿನ್ ಪದ ‘ರೆಸ್’. ಬ್ರಿಟನ್‌ನಲ್ಲಿ ಮನೆ ಮಾರಿಸುವವನು ‘ಎಸ್ಟೇಟ್ ಏಜೆಂಟ್’, ಆದರೆ ಅವನು ಮಾರುವುದು ‘ಪ್ರಾಪರ್ಟಿ’. ಒಂದೇ ಮನೆಯನ್ನು ‘ಆ್ಯನ್ ಎಸ್ಟೇಟ್’ ಎಂದರೆ ತೋಟ, ಗದ್ದೆ, ಬಂಗಲೆಯೆಲ್ಲ ಸೇರಿದ ವಿಶಾಲ ಜಮೀನು ಕಣ್ಣಿಗೆ ಕಟ್ಟುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಎಸ್ಟೇಟುಗಳನ್ನು ಕಂಡ ನಮಗೆ ಈ ಅರ್ಥವೇ ಮೊದಲು ಹೊಳೆಯುತ್ತದೆ. ಅದಕ್ಕೆ ಇಟಾಲಿಯನ್‌ನಲ್ಲಿ ‘ತೆನೂತಾ’ ಎಂಬ ಬೇರೆ ಪದವಿದೆ, ದ್ರಾಕ್ಷಾರಸದ ಬಾಟಲಿಗಳ ಮೇಲೆ ಅದನ್ನು ನೋಡಬಹುದು. ವೃದ್ಧೆ ತೀರಿಕೊಂಡ ಮೇಲೆ ನೋಟರಿ ಪಟ್ಟಿ ಮಾಡುವುದು ಮಾತ್ರ ‘ಎಸ್ಟೇಟ್’, ಮತ್ತು ಆ ಫ್ಲ್ಯಾಟ್ ಅದರಲ್ಲಿ ಇರುವುದಿಲ್ಲ, ಅದು ಮೊದಲೇ ಮಾರಾಟವಾಗಿದೆ. ಮಕ್ಕಳ ಪಾಲಿಗೆ ಬಂದದ್ದು ‘ಇನ್‌ಹೆರಿಟೆನ್ಸ್’. ‘ಹೆರಿಟೇಜ್’ ಎಂಬುದನ್ನು ಕೊಲೊಸಿಯಮ್‌ನಂಥವುಗಳಿಗೆ ಬಿಟ್ಟುಬಿಡಲು ಹೇಳಿ.

‘ಬೇನಿ’ ಎಂಬುದು ಇನ್ನೊಂದು ಭಾರಿ ಪದ. ಅಂಗಡಿಯಲ್ಲಿ ಅದು ‘ಗೂಡ್ಸ್’. ಮಾಫಿಯಾದಿಂದ ಮುಟ್ಟುಗೋಲು ಹಾಕಿಕೊಂಡ ‘ಬೇನಿ ಕನ್ಫಿಸ್ಕಾತಿ’ಯ ವಿಷಯಕ್ಕೆ ಬಂದರೆ ‘ಅಸೆಟ್ಸ್’. ಸಂಸದ ಪಿಯೊ ಲಾ ತೊರ್ರೆ 1982ರ ಏಪ್ರಿಲ್‌ನಲ್ಲಿ ಪಲೆರ್ಮೊದಲ್ಲಿ ಕೊಲೆಯಾದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಅವರ ಹೆಸರನ್ನೂ ಹೊತ್ತ ಕಾನೂನು ಈ ಮುಟ್ಟುಗೋಲಿಗೆ ದಾರಿ ಮಾಡಿತು. 1996ರ ಕಾನೂನಿನಿಂದ ಅಂಥ ಮನೆ, ಜಮೀನುಗಳು ಸಮಾಜದ ಉಪಯೋಗಕ್ಕೆ ಸಿಗತೊಡಗಿದವು. ಈ ಸುದ್ದಿಗಳನ್ನು ಇಂಗ್ಲಿಷ್‌ನಲ್ಲಿ ಓದಿಸಿದರೆ ಬ್ಯಾಂಕ್ ಖಾತೆ, ಷೇರು, ಕಾರು, ಬಂಗಲೆ ಒಟ್ಟಿಗೆ ಬಂದಾಗ ‘ಅಸೆಟ್ಸ್’, ಒಂದು ಬಂಗಲೆಯನ್ನಷ್ಟೇ ಹೇಳುವಾಗ ‘ಪ್ರಾಪರ್ಟಿ’ ಎಂಬುದು ತಾನಾಗಿಯೇ ಕಾಣುತ್ತದೆ. ಹಣಕ್ಕೆ ಪರಿವರ್ತಿಸಬಲ್ಲದ್ದು ಎಂಬ ದೃಷ್ಟಿ ‘ಅಸೆಟ್’ನಲ್ಲಿ ಸದಾ ಇರುತ್ತದೆ.

‘ವೆಲ್ತ್’ಗೆ ಹೆಚ್ಚು ಸಮಯ ಬೇಡ. ‘ರಿಕ್ಕೆತ್ಸಾ’ ಎಂಬ ಪದವನ್ನು ಅವರು ‘ರಿಚ್‌ನೆಸ್’ ಮಾಡಿಬಿಡುತ್ತಾರೆ. ಸಾಸ್‌ಗೆ, ಬಣ್ಣಕ್ಕೆ ‘ರಿಚ್‌ನೆಸ್’, ಮನುಷ್ಯನಿಗೆ ‘ವೆಲ್ತ್’ ಎಂದರೆ ಸಾಕು. ತೆರಿಗೆಯ ಉದಾಹರಣೆ ಕೊಟ್ಟರೆ ಮರೆಯುವುದಿಲ್ಲ: 1992ರ ಜುಲೈನಲ್ಲಿ ಜುಲಿಯಾನೊ ಅಮಾತೊ ಸರ್ಕಾರ ಬ್ಯಾಂಕ್ ಠೇವಣಿಗಳಿಂದ ಸಾವಿರಕ್ಕೆ 6ರಂತೆ ಕಿತ್ತುಕೊಂಡದ್ದನ್ನು ಅಲ್ಲಿನ ಹಿರಿಯರು ಇಂದಿಗೂ ಶಪಿಸುತ್ತಾರೆ. ಅಂಥ ‘ಪತ್ರಿಮೋನಿಯಾಲೆ’ಗೆ ಇಂಗ್ಲಿಷ್‌ನಲ್ಲಿ ‘ವೆಲ್ತ್ ಟ್ಯಾಕ್ಸ್’, ನಮ್ಮಲ್ಲಿ 2015ರ ಬಜೆಟ್‌ನಲ್ಲಿ ರದ್ದಾಯಿತಲ್ಲ, ಆ ಹೆಸರೇ. ‘ಫೋರ್ಚುನ್’ ಬಗ್ಗೆ ಒಂದೇ ಮಾತು: ‘ಕಾಸ್ಟ್ಸ್ ಎ ಫೋರ್ಚುನ್’ ಎರಡೂ ಭಾಷೆಗಳಲ್ಲಿ ಸರಿ, ಆದರೆ ಬಸ್ಸು ಸಿಕ್ಕಿದ ಸಂತೋಷಕ್ಕೆ ‘ವಾಟ್ ಎ ಫೋರ್ಚುನ್’ ಎನ್ನಬಾರದು, ಅದು ‘ಲಕ್’.

ನಿಮ್ಮವರಲ್ಲಿ ಲೆಕ್ಕಪತ್ರ ವಿಭಾಗದವರಿದ್ದರೆ ವೃದ್ಧೆಯ ಕಥೆ ಬಿಟ್ಟು ನೇರವಾಗಿ ಅವರ ಕಂಪನಿಯ ‘ಸ್ತಾತೊ ಪತ್ರಿಮೋನಿಯಾಲೆ’ಯನ್ನೇ ತೆರೆಸಿ. ಅದು ‘ಬ್ಯಾಲೆನ್ಸ್ ಶೀಟ್’. ಅದರಲ್ಲಿನ ‘ಅತ್ತಿವಿತಾ’ ‘ಆ್ಯಕ್ಟಿವಿಟೀಸ್’ ಅಲ್ಲ, ‘ಅಸೆಟ್ಸ್’, ‘ಪಾಸ್ಸಿವಿತಾ’ ‘ಲಯಬಿಲಿಟೀಸ್’, ‘ಪತ್ರಿಮೋನಿಯೊ ನೆತ್ತೊ’ ‘ಈಕ್ವಿಟಿ’. ಇವರಿಗೆ ಸೋಮವಾರವೇ ಬೇಕಾಗುವುದು ಈ ಪದಗಳು. ‘ಎಸ್ಟೇಟ್’ ಮುಂದಿನ ತಿಂಗಳು ಬಂದರೂ ನಡೆಯುತ್ತದೆ.